ಊರು ಬಿಟ್ಟವರ ಸಿನಿಮಾ ಲೆಕ್ಕ

ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾನೆ ಅನ್ನುವ ಮಾತು ನಮ್ಮ ರಾಜ್ಯದಲ್ಲಿ ಗೊತ್ತಿಲ್ಲದವರಿಲ್ಲ. ಉತ್ತರ ಪ್ರದೇಶದವರಿಗೂ ಅಂಥದ್ದೇ ಒಂದು ಊರಿದೆ, ಅದೇ ನಾನಿರುವ ನೋಯ್ಡಾ. 1988ರಲ್ಲಿ ಮುಖ್ಯಮಂತ್ರಿ ವೀರ್ ಬಹಾದುರ್ ಸಿಂಗ್ ಇಲ್ಲಿಗೆ ಬಂದುಹೋದರು, ಸ್ವಲ್ಪ ದಿನಕ್ಕೇ ಅಧಿಕಾರ ಹೋಯಿತು. ಅಲ್ಲಿಂದ ಶುರುವಾದ ನಂಬಿಕೆ. ಅಖಿಲೇಶ್ ಯಾದವ್ ಅಂಥವರೂ ಲಕ್ನೋದಲ್ಲಿ ಕೂತುಕೊಂಡೇ ಇಲ್ಲಿನ ಯೋಜನೆಗಳನ್ನು ಉದ್ಘಾಟಿಸಿದರು. ಮಾಯಾವತಿಯವರು 2011ರಲ್ಲಿ ಬಂದರು, 2012ರಲ್ಲಿ ಸೋತರು. ಕೊನೆಗೆ ಯೋಗಿ ಆದಿತ್ಯನಾಥರು 2017ರ ಡಿಸೆಂಬರ್‌ನಲ್ಲಿ ಬಂದು, 2022ರಲ್ಲಿ ಮತ್ತೆ ಗೆದ್ದಮೇಲೆ ಈ ಊರಿಗಿದ್ದ ಶನಿ ಬಿಟ್ಟಿತು ಅಂತ ಜನ ಹೇಳುತ್ತಾರೆ.

ಇಂಥ ಅಪಶಕುನದ ಊರಿಗೆ ಬಂದು ನೆಲೆ ಹೂಡಿದವರು ಯಾರು ಗೊತ್ತೇ? ಪಂಚಾಂಗ ನೋಡದೆ ಕ್ಯಾಮೆರಾ ಮುಟ್ಟದ, ತೆಂಗಿನಕಾಯಿ ಒಡೆಯದೆ ಕ್ಲಾಪ್ ಹೊಡೆಯದ ಸಿನಿಮಾದವರು!

ನೋಯ್ಡಾ ಅನ್ನುವುದು ಒಂದು ಹಳ್ಳಿಯ ಹೆಸರಲ್ಲ. ನ್ಯೂ ಓಖ್ಲಾ ಇಂಡಸ್ಟ್ರಿಯಲ್ ಡೆವಲಪ್‌ಮೆಂಟ್ ಅಥಾರಿಟಿ ಎಂಬ ಸರ್ಕಾರಿ ಕಚೇರಿಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಪೋಣಿಸಿದರೆ ಬರುವ ಹೆಸರು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ ಏಪ್ರಿಲ್ 17ರಂದು ಹುಟ್ಟಿದ ಊರು. ಇಲ್ಲಿ ಬೀದಿಗಳಿಗೆ ಹೆಸರಿಲ್ಲ, ಸೆಕ್ಟರಿಗೆ ನಂಬರು ಮಾತ್ರ. ಆ ನಂಬರುಗಳಲ್ಲಿ ಒಂದು 16ಎ. ಅದೇ ಫಿಲಂ ಸಿಟಿ. 1980ರ ದಶಕದ ಕೊನೆಯಲ್ಲಿ ಸಂದೀಪ್ ಮಾರ್ವಾ ಅನ್ನುವವರ ಮುಂದಾಳತ್ವದಲ್ಲಿ ಸುಮಾರು 100 ಎಕರೆ ಜಾಗದಲ್ಲಿ ಎದ್ದದ್ದು. 1991ರಲ್ಲಿ ಅವರದೇ ಸ್ಟುಡಿಯೋ ಬಂತು, 1993ರಲ್ಲಿ ಸಿನಿಮಾ ಕಲಿಸುವ ಶಾಲೆ. ಮುಂಬಯಿಯ ಸಿನಿಮಾ ಇಲ್ಲಿಗೆ ಬರುತ್ತದೆ ಅಂತ ಎಲ್ಲರೂ ಕಾದರು. ಬಂದದ್ದು ಸಿನಿಮಾ ಅಲ್ಲ, ಟಿವಿ. ಇವತ್ತು ನೀವು ಮೆಟ್ರೋದಲ್ಲಿ ಸೆಕ್ಟರ್ 16ರ ನಿಲ್ದಾಣಕ್ಕೆ ಬಂದಿಳಿದು ಆ ಕಡೆ ನಡೆದರೆ ಕಾಣುವುದು ಸುದ್ದಿ ಚಾನೆಲ್ಲುಗಳ ಗಾಜಿನ ಕಟ್ಟಡಗಳು, ಛಾವಣಿಯ ಮೇಲೆ ಬಾಯಿ ತೆರೆದು ಕೂತ ದೊಡ್ಡ ದೊಡ್ಡ ಡಿಷ್‌ಗಳು, ಕೆಳಗೆ ಚಹಾದ ಗಾಡಿ, ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗ ಹುಡುಗಿಯರು.

ಆದರೆ ನಾನು ಹೇಳಹೊರಟಿರುವುದು ಆ ಗಾಜಿನ ಕಟ್ಟಡಗಳ ಕಥೆ ಅಲ್ಲ. ಅವುಗಳ ಆಸುಪಾಸಿನಲ್ಲಿ, ಹಳೆಯ ಕಾರ್ಖಾನೆ ಸೆಕ್ಟರುಗಳ ಬೇಸ್‌ಮೆಂಟುಗಳಲ್ಲಿ, ಎರಡು ಕೋಣೆ ಬಾಡಿಗೆ ಹಿಡಿದು ಬಾಗಿಲಿಗೆ 'ಪ್ರೊಡಕ್ಷನ್ಸ್' ಅಂತ ಬೋರ್ಡು ತಗುಲಿಸಿಕೊಂಡ ಸಣ್ಣ ಸಣ್ಣ ಕಂಪನಿಗಳ ಕಥೆ. ಇವರು ಕಂಪನಿಗಳ ಪ್ರಚಾರದ ಚಿತ್ರ ಮಾಡುತ್ತಾರೆ, ಆಸ್ಪತ್ರೆಗಳಿಗೆ, ಶಾಲೆಗಳಿಗೆ ವಿಡಿಯೋ ಮಾಡಿಕೊಡುತ್ತಾರೆ, ಚಳಿಗಾಲ ಬಂತೆಂದರೆ ಮದುವೆ ಹಿಡಿಯುತ್ತಾರೆ. ಎಲ್ಲರ ಮೇಜಿನ ಖಾನೆಯಲ್ಲೂ ಒಂದು ಸಿನಿಮಾದ ಸ್ಕ್ರಿಪ್ಟು ಇರುತ್ತದೆ. ಅದಕ್ಕೆ ದುಡ್ಡು ಮಾತ್ರ ಇರುವುದಿಲ್ಲ.

ಬ್ಯಾಂಕಿನಲ್ಲಿ ಮೂವತ್ತೇಳು ವರ್ಷ ಕೆಲಸ ಮಾಡಿ ನಿವೃತ್ತನಾದವನಿಗೆ ಇಂಥವರ ಪರಿಚಯ ಹೇಗೆ ಅಂದಿರಾ? ಪರನಾಡಿನಲ್ಲಿ ಕನ್ನಡದವರೊಬ್ಬರು ಬ್ಯಾಂಕಿನಲ್ಲಿದ್ದರು ಅಂತ ಗೊತ್ತಾದರೆ ಸಾಕು, ಆದಾಯ ತೆರಿಗೆಯ ಫಾರಮ್ಮಿನಿಂದ ಹಿಡಿದು ಮನೆ ಸಾಲದ ತನಕ ಎಲ್ಲ ಕಾಗದವೂ ಅವರ ಮನೆಗೇ ಬರುತ್ತದೆ. ಹಾಗೆ ಕಾಗದ ಹಿಡಿದುಕೊಂಡು ಬಂದವನು ಹಾಸನ ಜಿಲ್ಲೆಯ ಒಬ್ಬ ಹುಡುಗ. ಸಿನಿಮಾ ಓದಲಿಕ್ಕೆ ಬಂದು, ಓದು ಮುಗಿದ ಮೇಲೂ ಇಲ್ಲೇ ಉಳಿದುಕೊಂಡವನು. ಅವನ ಕಂಪನಿಯಲ್ಲಿ ಅವನೂ ಸೇರಿ ಐದು ಜನ. ಬಿಹಾರದ ಕ್ಯಾಮೆರಾಮನ್, ಉತ್ತರಾಖಂಡದ ಸಂಕಲನಕಾರ, ಧ್ವನಿ ನೋಡಿಕೊಳ್ಳುವ ಮಲಯಾಳಿ, ಲೆಕ್ಕಪತ್ರವನ್ನೂ ಶೂಟಿಂಗಿನ ಊಟ ತಿಂಡಿಯನ್ನೂ ಒಟ್ಟಿಗೇ ನಿಭಾಯಿಸುವ ಮೀರಠಿನ ಹುಡುಗಿ.

ಫೈಲು ತೆರೆದು ನೋಡಿದೆ. ತಿಂಗಳಿಗೆ ಸಂಬಳ, ಬಾಡಿಗೆ ಎಲ್ಲ ಸೇರಿ ಎರಡು ಲಕ್ಷದ ಹತ್ತಿರ ಖರ್ಚು. ಬರಬೇಕಾದ ಬಾಕಿ ಒಂಬತ್ತು ಲಕ್ಷ. ಕೆಲಸ ಮಾಡಿಸಿಕೊಂಡ ದೊಡ್ಡವರು ನಾಲ್ಕು ತಿಂಗಳಾದರೂ ಕಾಸು ಬಿಚ್ಚಿಲ್ಲ. ಲಾಭ ನಷ್ಟದ ಪಟ್ಟಿಯಲ್ಲಿ ಲಾಭ ಇದೆ, ಚಾಲ್ತಿ ಖಾತೆಯಲ್ಲಿ ಹಣ ಇಲ್ಲ. ನಾನು ಎಂ.ಕಾಂ. ಓದುವಾಗ ಮೇಷ್ಟ್ರು ಹೇಳುತ್ತಿದ್ದ ಮಾತು ನೆನಪಾಯಿತು, ವ್ಯಾಪಾರ ಸಾಯುವುದು ನಷ್ಟದಿಂದಲ್ಲ, ನಗದಿಲ್ಲದೆ ಅಂತ.

ಹುಡುಗ ಕೇಳಿದ್ದು ಇಷ್ಟೇ: "ಸಾರ್, ಇಬ್ಬರನ್ನ ಬಿಟ್ಟುಬಿಟ್ಟು ಆ ದುಡ್ಡಲ್ಲಿ ಒಂದು ಒಳ್ಳೇ ಕ್ಯಾಮೆರಾ ತಗೊಂಡ್ರೆ ಹೆಂಗೆ? ಕ್ಯಾಮೆರಾ ಇದ್ರೆ ಬ್ಯಾಂಕಲ್ಲೂ ಸಾಲ ಸಿಗತ್ತೆ ಅಂತಾರೆ. ಜನ ಆಮೇಲೆ ಸಿಕ್ತಾರೆ."

"ಕ್ಯಾಮೆರಾ ಬಾಡಿಗೆಗೆ ಸಿಗತ್ತಪ್ಪಾ, ಜನ ಸಿಗೋದು ಕಷ್ಟ" ಅಂದೆ. ಅವನಿಗೆ ಇದು ಅಷ್ಟು ನಂಬಿಕೆಯಾದಂತೆ ಕಾಣಲಿಲ್ಲ. ಬ್ಯಾಂಕಿನವರ ಬಾಯಲ್ಲಿ ಇಂಥ ಮಾತು ಅವನು ಕೇಳಿರಲಿಕ್ಕಿಲ್ಲ. ಆಗ ನಾನು ಅವನಿಗೆ ನಮ್ಮವರದೇ ಕೆಲವು ಹಳೆಯ ಲೆಕ್ಕ ಹೇಳಬೇಕಾಯಿತು. ಅದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ. ಯಾಕೆಂದರೆ ಹುಡುಕುತ್ತಾ ಹೋದಾಗ ನನಗೇ ಆಶ್ಚರ್ಯವಾಗುವ ಒಂದು ಸಂಗತಿ ಕಂಡಿತು. ಕನ್ನಡದಲ್ಲಿ ಸಣ್ಣ ಬಂಡವಾಳದಲ್ಲಿ, ತಮ್ಮದೇ ಹಟದಲ್ಲಿ ಸಿನಿಮಾ ಮಾಡಿದವರಲ್ಲಿ ಎಷ್ಟೊಂದು ಜನ ಊರು ಬಿಟ್ಟು ಹೋದವರೇ ಇದ್ದಾರೆ!

ಮೊದಲಿನಿಂದಲೂ ಇದು ಹೀಗೇ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ಬಂತು. ದುಡ್ಡು ಹಾಕಿದವರು ಬೆಂಗಳೂರಿನಲ್ಲಿ ವ್ಯಾಪಾರಕ್ಕಿದ್ದ ಚಮನ್‌ಲಾಲ್ ಡೂಂಗಾಜಿ, ಅಂದರೆ ಅವರೂ ತಮ್ಮ ಊರು ಬಿಟ್ಟು ಬಂದವರೇ. ಚಿತ್ರೀಕರಣ ನಡೆದದ್ದು ಕೊಲ್ಲಾಪುರದ ಸ್ಟುಡಿಯೋದಲ್ಲಿ. ಕನ್ನಡ ಮಾತಾಡಲು ಕಲಾವಿದರೆಲ್ಲ ಗಡಿ ದಾಟಿ ಹೋಗಬೇಕಾಯಿತು. ಮುಂದೆ ಮೂರು ದಶಕ ಕನ್ನಡ ಚಿತ್ರರಂಗದ ಮನೆ ಮದರಾಸೇ. ಸ್ಟುಡಿಯೋ ಅಲ್ಲಿ, ಲ್ಯಾಬು ಅಲ್ಲಿ, ಸಾಲ ಕೊಡುವ ಸೇಠುಗಳು ಅಲ್ಲಿ. ಕನ್ನಡದ ಕಲಾವಿದರು ಅಲ್ಲಿ ಬಾಡಿಗೆ ಕೋಣೆಗಳಲ್ಲಿದ್ದುಕೊಂಡು, ಬಿಡುವಿರುವ ಫ್ಲೋರಿಗೆ ಕಾಯುತ್ತಿದ್ದರು.

ಆ ಕಾಯುವಿಕೆಯಿಂದಲೇ ನಮ್ಮ ಮೊದಲ ಕಲಾವಿದರ ಕಂಪನಿ ಹುಟ್ಟಿತು. 1950ರ ದಶಕದ ಕೊನೆಗೆ ಕನ್ನಡ ಚಿತ್ರಗಳ ಕೆಲಸ ಕಡಿಮೆಯಾಗಿ ಹೊಟ್ಟೆಪಾಡು ಕಷ್ಟವಾಯಿತು. ಆಗ ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಸೇರಿ ಒಂದು ಕಲಾವಿದರ ಸಂಘ ಕಟ್ಟಿದರು. ಎಲ್ಲರೂ ಕಂಪನಿ ನಾಟಕದ ನೀರು ಕುಡಿದವರೇ. ಊರೂರು ತಿರುಗಿ ನಾಟಕ ಆಡಿದರು, ಬಂದ ಹಣವನ್ನು ಹಂಚಿಕೊಳ್ಳದೆ ಕೂಡಿಟ್ಟರು, ಅದನ್ನೇ ಬುನಾದಿ ಮಾಡಿಕೊಂಡು 'ರಣಧೀರ ಕಂಠೀರವ' ತೆಗೆದರು. 1960ರಲ್ಲಿ ತೆರೆ ಕಂಡ ಆ ಚಿತ್ರ ಗೆದ್ದಿತು. ನಟರೇ ಬಂಡವಾಳಗಾರರು, ನಟರೇ ಕೂಲಿಯವರು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಅಡಮಾನಕ್ಕೆ ಇಡಲು ಅವರ ಹತ್ತಿರ ಏನೂ ಇರಲಿಲ್ಲ, ಒಬ್ಬರ ಮೇಲೊಬ್ಬರಿಗಿದ್ದ ವಿಶ್ವಾಸದ ಹೊರತು.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಆ ಕಾಲದಲ್ಲಿ ಸಿನಿಮಾಕ್ಕೆ ಅಂತ ಬ್ಯಾಂಕು ಸಾಲ ಕೊಡುವ ಪ್ರಶ್ನೆಯೇ ಇರಲಿಲ್ಲ. ಕೇಂದ್ರ ಸರ್ಕಾರ ಸಿನಿಮಾವನ್ನು ಉದ್ಯಮ ಅಂತ ಒಪ್ಪುವುದಾಗಿ ಹೇಳಿದ್ದು 1998ರಲ್ಲಿ. ಬ್ಯಾಂಕುಗಳ ಬಾಗಿಲು ತೆರೆದದ್ದು 2000–01ರ ನಂತರ. ಅಲ್ಲಿಯವರೆಗೆ ನಿರ್ಮಾಪಕ ಹಂಚಿಕೆದಾರರ ಮುಂಗಡ ಹಿಡಿಯಬೇಕು, ಇಲ್ಲವೇ ಕೈಗಡ ತರಬೇಕು, ಇಲ್ಲವೇ ಹೆಂಡತಿಯ ಒಡವೆ, ಊರಿನ ತೋಟ. 1960ರಲ್ಲಿ ಹುಟ್ಟಿದ ಫಿಲಂ ಫೈನಾನ್ಸ್ ಕಾರ್ಪೊರೇಷನ್ ಕೆಲವರಿಗೆ ಸಾಲ ಕೊಟ್ಟಿತು. 1969ರ ಮೃಣಾಲ್ ಸೇನರ 'ಭುವನ್ ಶೋಮ್' ಅಂಥ ಸಾಲದಿಂದಲೇ ಆದದ್ದು. ಉಳಿದಂತೆ ನಮ್ಮ ರಾಜ್ಯ ಸರ್ಕಾರದ ಸಹಾಯಧನ. ಅದು ಬರುವುದು ಸಿನಿಮಾ ಮುಗಿದ ಮೇಲೆ. ಮುಗಿಸಲಿಕ್ಕೆ ದುಡ್ಡು ಬೇಕಲ್ಲ?

ಈಗ 'ಸಂಸ್ಕಾರ'ಕ್ಕೆ ಬರೋಣ. ಯು.ಆರ್. ಅನಂತಮೂರ್ತಿಯವರು ಆ ಕಾದಂಬರಿ ಬರೆದದ್ದು ತೀರ್ಥಹಳ್ಳಿಯಲ್ಲಲ್ಲ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ, ಸಂಶೋಧನೆಗೆ ಅಂತ ಹೋಗಿದ್ದಾಗ. ಅದನ್ನು ಸಿನಿಮಾ ಮಾಡಲು ಹೊರಟ ಪಟ್ಟಾಭಿರಾಮ ರೆಡ್ಡಿ ನೆಲ್ಲೂರಿನ ತೆಲುಗು ಕವಿ. ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರ ಪಾತ್ರ ಮಾಡಿದ ಗಿರೀಶ ಕಾರ್ನಾಡರು ಮದರಾಸಿನ ಆಕ್ಸ್‌ಫರ್ಡ್ ಪ್ರಕಾಶನದ ಕಚೇರಿಯಲ್ಲಿ ನೌಕರಿಯಲ್ಲಿದ್ದವರು. ಅಲ್ಲಿನ ಹವ್ಯಾಸಿ ರಂಗತಂಡ ಮದ್ರಾಸ್ ಪ್ಲೇಯರ್ಸ್‌ನಲ್ಲಿ ಕಾರ್ನಾಡರೂ, ಮುಂದೆ ಚಂದ್ರಿಯಾದ ಸ್ನೇಹಲತಾ ರೆಡ್ಡಿಯವರೂ ಜೊತೆಗಿದ್ದರು. ಕ್ಯಾಮೆರಾ ಹಿಡಿದ ಟಾಮ್ ಕೊವನ್ ಆಸ್ಟ್ರೇಲಿಯಾದವರು. ಕಲಾ ನಿರ್ದೇಶಕ ಎಸ್.ಜಿ. ವಾಸುದೇವ್ ಮದರಾಸಿನ ಹೊರವಲಯದ ಚೋಳಮಂಡಲದ ಚಿತ್ರಕಾರ. ಸಂಗೀತ ರಾಜೀವ ತಾರಾನಾಥರದು. ನಾರಣಪ್ಪನಾಗಿ ಪಿ. ಲಂಕೇಶ್.

ಶೃಂಗೇರಿ ಸೀಮೆಯ ಒಂದು ಅಗ್ರಹಾರಕ್ಕೆ ಇವರೆಲ್ಲ ಹೋಗಿ ಇಳಿದರು. ಖರ್ಚು ಒಂದು ಲಕ್ಷ ರೂಪಾಯಿಯ ಆಸುಪಾಸು. ಅಂದಿನ ಲೆಕ್ಕಕ್ಕೂ ಅದು ತೀರಾ ಸಣ್ಣ ಮೊತ್ತ. ಮೊದಲು ಸೆನ್ಸಾರಿನವರು ಚಿತ್ರವನ್ನು ತಡೆದರು. ಸಾಲ ಮಾಡಿ ಮುಗಿಸಿದ ಚಿತ್ರ ಡಬ್ಬಿಯಲ್ಲಿ ಕೂತರೆ ಬಡ್ಡಿ ಮಾತ್ರ ಓಡುತ್ತಿರುತ್ತದೆ, ಇದು ನಮ್ಮಂಥವರಿಗೆ ಚೆನ್ನಾಗಿ ಗೊತ್ತು. ಆಮೇಲೆ ತಡೆ ತೆರವಾಗಿ, 1970ರ ಸಾಲಿನ ರಾಷ್ಟ್ರಪತಿಗಳ ಚಿನ್ನದ ಪದಕವೇ ಬಂತು. ಕನ್ನಡಕ್ಕೆ ಅದು ಮೊದಲನೆಯದು.

ಈ ತಂಡಕ್ಕೆ ಆದ ನೋವನ್ನೂ ಹೇಳಬೇಕು. ತುರ್ತು ಪರಿಸ್ಥಿತಿಯಲ್ಲಿ ಸ್ನೇಹಲತಾ ರೆಡ್ಡಿಯವರನ್ನು ಬಂಧಿಸಿ ಬೆಂಗಳೂರಿನ ಜೈಲಿನಲ್ಲಿಟ್ಟರು. ಅಲ್ಲಿ ಅಸ್ತಮಾ ಉಲ್ಬಣಿಸಿ, ಬಿಡುಗಡೆಯಾದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು. ಪಟ್ಟಾಭಿಯವರು ಆಮೇಲೂ ಚಿತ್ರ ಮಾಡಿದರು, ಆದರೆ ಬೆರಳೆಣಿಕೆಯಷ್ಟು.

ಹಾಗಾದರೆ 'ಸಂಸ್ಕಾರ'ದ ಕಂಪನಿ ಏನಾಯಿತು? ಕಂಪನಿಯಾಗಿ ಅದು ಬೆಳೆಯಲಿಲ್ಲ. ಆದರೆ ತಂಡ ಚದುರಿ ಬೀಜವಾಯಿತು. ಕಾರ್ನಾಡರ ಮುಂದಿನ ಹೆಜ್ಜೆ 'ವಂಶವೃಕ್ಷ'. ಆ ಕಾದಂಬರಿ ಬಂದದ್ದು 1965ರಲ್ಲಿ, ಎಸ್.ಎಲ್. ಭೈರಪ್ಪನವರು ಗುಜರಾತಿನಲ್ಲಿ ಪಾಠ ಹೇಳುತ್ತಿದ್ದ ದಿನಗಳಲ್ಲಿ. ನಿರ್ಮಾಪಕರು ಜಿ.ವಿ. ಅಯ್ಯರ್, ಅದೇ ರಣಧೀರ ಕಂಠೀರವದ ಅಯ್ಯರ್. ಕಾರ್ನಾಡರ ಜೊತೆ ನಿರ್ದೇಶಿಸಿದವರು ಬಿ.ವಿ. ಕಾರಂತರು. ಕಾರಂತರು ಆಗ ಎಲ್ಲಿದ್ದರು ಗೊತ್ತೇ? ಇಲ್ಲೇ, ದೆಹಲಿಯಲ್ಲಿ! ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿ, ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತಿದ್ದರು. ಲೋದಿ ಎಸ್ಟೇಟಿನ ಆ ಶಾಲೆಯ ಮುಂದೆ ಹಾದುಹೋದಾಗೆಲ್ಲ ನನಗೆ ಗುಬ್ಬಿ ಕಂಪನಿಯಿಂದ ಕಾಶಿಗೆ, ಕಾಶಿಯಿಂದ ದೆಹಲಿಗೆ ಬಂದ ಆ ಮನುಷ್ಯನ ನೆನಪಾಗುತ್ತದೆ. 1971ರ ಸಾಲಿನ ಶ್ರೇಷ್ಠ ನಿರ್ದೇಶನದ ರಾಷ್ಟ್ರಪ್ರಶಸ್ತಿ ಇಬ್ಬರಿಗೂ ಸೇರಿ ಬಂತು. ವಿಷ್ಣುವರ್ಧನ್ ಎಂಬ ಹುಡುಗ ಮೊದಲು ತೆರೆಯ ಮೇಲೆ ಕಂಡದ್ದೂ ಅದೇ ಚಿತ್ರದಲ್ಲಿ.

ಆಮೇಲೆ 1975ರಲ್ಲಿ ಕಾರಂತರ 'ಚೋಮನ ದುಡಿ'. ಶಿವರಾಮ ಕಾರಂತರ ಕಾದಂಬರಿ, ಪ್ರಜಾ ಫಿಲಂಸ್ ಅನ್ನುವ ಸಣ್ಣ ಸಂಸ್ಥೆ. ಸ್ವರ್ಣ ಕಮಲ ಬಂತು, ಚೋಮನಾದ ಎಂ.ವಿ. ವಾಸುದೇವ ರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಆ ಚಿತ್ರದಲ್ಲಿ ಕಾರಂತರ ಕೈಕೆಳಗೆ ಸಹಾಯಕನಾಗಿ ದುಡಿದವರು ಪುಣೆಯ ಚಲನಚಿತ್ರ ಸಂಸ್ಥೆಯಿಂದ ಆಗ ತಾನೇ ಹೊರಬಂದ ಗಿರೀಶ ಕಾಸರವಳ್ಳಿ. ಕ್ಯಾಮೆರಾ ಎಸ್. ರಾಮಚಂದ್ರ ಅವರದು. ಈ ಎರಡು ಹೆಸರನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಎರಡೇ ವರ್ಷಕ್ಕೆ, 1977ರಲ್ಲಿ, 'ಘಟಶ್ರಾದ್ಧ'. ನಿರ್ದೇಶನ ಕಾಸರವಳ್ಳಿ, ಕ್ಯಾಮೆರಾ ರಾಮಚಂದ್ರ, ಸಂಗೀತ ಬಿ.ವಿ. ಕಾರಂತ, ಕಥೆ ಅನಂತಮೂರ್ತಿ. ನೋಡಿ, ಹಳೆಯ ತಂಡದ ಕೊಂಡಿ ಹೇಗೆ ಮುಂದುವರಿಯುತ್ತದೆ! ನಿರ್ದೇಶಕನಿಗೆ ಇದು ಮೊದಲ ಕಥಾಚಿತ್ರ. ಕಪ್ಪು ಬಿಳುಪು, ಹಾಡಿಲ್ಲ, ಹೊಡೆದಾಟವಿಲ್ಲ, ಒಬ್ಬ ವಿಧವೆಯ ಕಥೆ. ಇಂಥದ್ದಕ್ಕೆ ಹಣ ಹಾಕುವವರು ಯಾರು?

ಹಾಕಿದವರು ಸದಾನಂದ ಸುವರ್ಣ. ಮೂಲ್ಕಿಯಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಮುಂಬಯಿಗೆ ಹೋದವರು. ಕರಾವಳಿಯಿಂದ ಹೊಟ್ಟೆಪಾಡಿಗೆ ಮುಂಬಯಿಯ ಹಡಗು ಹತ್ತಿದ ಸಾವಿರಾರು ಹುಡುಗರಲ್ಲಿ ಒಬ್ಬರು ಅನ್ನಿ. ಹಗಲು ದುಡಿದು, ಸಂಜೆ ಮುಂಬಯಿಯ ಕನ್ನಡ ರಂಗಭೂಮಿಯಲ್ಲಿ ನಾಟಕ ಮಾಡಿಸಿ, ಬರೆದು, ನಿರ್ದೇಶಿಸಿ ಬದುಕು ಸವೆಸಿದವರು. ಅವರ ಸುವರ್ಣಗಿರಿ ಫಿಲಂಸ್ ದೊಡ್ಡ ಬ್ಯಾನರು ಅಲ್ಲವೇ ಅಲ್ಲ. ಅಂಥವರು ಹೊಸ ಹುಡುಗನನ್ನು ನಂಬಿ ಹಣ ಹೂಡಿದರು. 'ಘಟಶ್ರಾದ್ಧ'ಕ್ಕೆ ಸ್ವರ್ಣ ಕಮಲ ಬಂತು. ಮುಂದೆ ಸುವರ್ಣರು ತಾವೇ ದೂರದರ್ಶನಕ್ಕೆ 'ಗುಡ್ಡದ ಭೂತ' ಮಾಡಿದರು, ತೇಜಸ್ವಿಯವರ ಕಥೆಯನ್ನಿಟ್ಟುಕೊಂಡು 'ಕುಬಿ ಮತ್ತು ಇಯಾಲ' ಮಾಡಿದರು. ಕೊನೆಗಾಲಕ್ಕೆ ಊರ ಕಡೆಗೆ ಮರಳಿ ಮಂಗಳೂರಿನಲ್ಲಿದ್ದರು. 2024ರ ಜುಲೈಯಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ತೀರಿಕೊಂಡರು. ಅದಾಗಿ ಒಂದೆರಡು ತಿಂಗಳೊಳಗೆ, ಫಿಲಂ ಹೆರಿಟೇಜ್ ಫೌಂಡೇಶನ್‌ನವರು ಹೊಸದಾಗಿ ಉಜ್ಜೀವನಗೊಳಿಸಿದ 'ಘಟಶ್ರಾದ್ಧ'ದ ಪ್ರತಿ ಇಟಲಿಯ ವೆನಿಸ್ ಚಿತ್ರೋತ್ಸವದಲ್ಲಿ ಹಳೆಯ ಶ್ರೇಷ್ಠ ಚಿತ್ರಗಳ ಸಾಲಿನಲ್ಲಿ ತೆರೆ ಕಂಡಿತು. ನಲವತ್ತೇಳು ವರ್ಷದ ಹಿಂದಿನ ಹೂಡಿಕೆ! ಇದಕ್ಕೆ ಯಾವ ಬಡ್ಡಿ ದರ ಹಾಕುತ್ತೀರಿ ನೀವು?

ಸುವರ್ಣರ ಹಾಗೆಯೇ ಮುಂಬಯಿಯಿಂದ ಬಂದವರು ನಾಗ್ ಸೋದರರು. ಹೊನ್ನಾವರ ಸೀಮೆಯ ಹುಡುಗರು ಮುಂಬಯಿಯಲ್ಲಿ ನಾಟಕದ ಗೀಳು ಹತ್ತಿಸಿಕೊಂಡರು. ಶಂಕರ್ ನಾಗ್ ಮರಾಠಿ ರಂಗಭೂಮಿಯಲ್ಲಿದ್ದಾಗ ಕಾರ್ನಾಡರು 'ಒಂದಾನೊಂದು ಕಾಲದಲ್ಲಿ' ಚಿತ್ರಕ್ಕೆ ಕರೆತಂದರು. 1979ರ ಜನವರಿಯಲ್ಲಿ ಇದೇ ದೆಹಲಿಯಲ್ಲಿ ನಡೆದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಆಮೇಲೆ ಶಂಕರ್ ಬೆಂಗಳೂರಿಗೆ ಬಂದು ನೆಲೆಸಿದರು. ಅಣ್ಣ ಅನಂತ್ ನಾಗ್, ಪತ್ನಿ ಅರುಂಧತಿಯವರ ಜೊತೆ ಸೇರಿ ಅವರು ಕಟ್ಟಿದ್ದು 'ಸಂಕೇತ್'. ಅದು ನಾಟಕದ ತಂಡವೂ ಹೌದು, ಚಿತ್ರ ಸಂಸ್ಥೆಯೂ ಹೌದು, ಕೊನೆಗೆ ಧ್ವನಿಮುದ್ರಣದ ಸ್ಟುಡಿಯೋ ಕೂಡ ಆಯಿತು. 1980ರಲ್ಲಿ 'ಮಿಂಚಿನ ಓಟ', 1985ರಲ್ಲಿ 'ಆಕ್ಸಿಡೆಂಟ್'. ಶಂಕರ್ ನಾಗ್ ಹೊರಗಿನವರ ಚಿತ್ರಗಳಲ್ಲಿ ಹಗಲು ರಾತ್ರಿ ನಾಯಕನಾಗಿ ನಟಿಸಿ ದುಡಿದದ್ದು ಒಂದು ಕಡೆಯಾದರೆ, ತಮ್ಮ ಮನಸ್ಸಿನ ಕೆಲಸ ಇನ್ನೊಂದು ಕಡೆ. ಇವತ್ತು ನೋಯ್ಡಾದ ಹುಡುಗರು ಮದುವೆ ವಿಡಿಯೋ ಮಾಡಿ ಸ್ಕ್ರಿಪ್ಟಿಗೆ ದುಡ್ಡು ಕೂಡಿಡುವುದೂ ಇದೇ ಲೆಕ್ಕ ಅಲ್ವೇ?

ಆಮೇಲೆ 'ಮಾಲ್ಗುಡಿ ಡೇಸ್'. ಇದರ ಹಿಂದಿನ ಕಥೆಗೆ ದೆಹಲಿಯೇ ಕೇಂದ್ರ. 1984ರಲ್ಲಿ 'ಹಮ್ ಲೋಗ್' ಬಂದ ಮೇಲೆ ದೂರದರ್ಶನದಲ್ಲಿ ಪ್ರಾಯೋಜಿತ ಧಾರಾವಾಹಿಗಳ ಕಾಲ ಶುರುವಾಯಿತು. ಹೊರಗಿನ ನಿರ್ಮಾಪಕರು ಮಂಡಿ ಹೌಸಿನಲ್ಲಿ ಒಪ್ಪಿಗೆ ತಂದು ಮಾಡಿದ ಧಾರಾವಾಹಿಗೆ ಪ್ರಾಯೋಜಕರ ಜಾಹೀರಾತಿನಿಂದ ಹಣ. ಟಿ.ಎಸ್. ನರಸಿಂಹನ್ ಅನ್ನುವ ನಿರ್ಮಾಪಕರು, ಶಂಕರ್ ನಾಗ್ ನಿರ್ದೇಶಕರು, ಕ್ಯಾಮೆರಾ ಮತ್ತೆ ಅದೇ ರಾಮಚಂದ್ರ. ಆರ್.ಕೆ. ನಾರಾಯಣರ ಊರನ್ನು ಮುಂಬಯಿಯ ಸೆಟ್ಟಿನಲ್ಲಿ ಕಟ್ಟಲಿಲ್ಲ, ಆಗುಂಬೆಯಲ್ಲಿ ಕಂಡುಕೊಂಡರು. ನಾನು ಆಗ ಮಲೆನಾಡಿನ ಒಂದು ಶಾಖೆಯಲ್ಲಿ ಗುಮಾಸ್ತ. ಆಗುಂಬೆಯ ದೊಡ್ಡಮನೆ ಇಡೀ ದೇಶದ ಟಿವಿಯಲ್ಲಿ ಹಿಂದಿ ಮಾತಾಡಿದ್ದನ್ನು ನೋಡಿ, ಕೌಂಟರಿನ ಆಚೆ ಈಚೆ ನಾವೆಲ್ಲ ಒಂದು ವಾರ ಅದನ್ನೇ ಮಾತಾಡಿಕೊಂಡಿದ್ದೆವು. ಇವತ್ತಿಗೂ ನೋಯ್ಡಾದ ಪಾರ್ಕಿನಲ್ಲಿ ನಡೆಯುವಾಗ ಯಾರಾದರೂ ಹಿರಿಯರು "ಆಪ್ ಕರ್ನಾಟಕ ಸೇ ಹೈಂ?" ಅಂತ ಕೇಳಿದರೆ, ಮುಂದಿನ ಪ್ರಶ್ನೆ ಮಾಲ್ಗುಡಿ ಎಲ್ಲಿದೆ ಅಂತಲೇ ಇರುತ್ತದೆ.

ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಹತ್ತಿರ ಅಪಘಾತದಲ್ಲಿ ತೀರಿಕೊಂಡರು. 35 ವರ್ಷ. ಒಬ್ಬನೇ ಮನುಷ್ಯನ ಮೇಲೆ ನಿಂತ ಸಂಸ್ಥೆಗೆ ಆ ಮನುಷ್ಯ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ. ಆದರೂ ಅರುಂಧತಿಯವರು ಹದಿನಾಲ್ಕು ವರ್ಷ ಬಿಡದೆ ದುಡಿದು 2004ರಲ್ಲಿ 'ರಂಗಶಂಕರ' ತೆರೆದರು. ಆದದ್ದು ಚಿತ್ರಮಂದಿರವಲ್ಲ, ನಾಟಕದ ಮನೆ. ತಂಡದ ಬೇರು ಎಲ್ಲಿತ್ತೋ ಅಲ್ಲೇ ಚಿಗುರಿತು.

ಈಚಿನ ಎರಡು ಉದಾಹರಣೆ ಹೇಳಿ ಈ ಪಟ್ಟಿ ಮುಗಿಸುತ್ತೇನೆ. ಒಂದು, ಪವನ್ ಕುಮಾರರ 'ಲೂಸಿಯಾ', 2013ರದ್ದು. ನಿರ್ಮಾಪಕರು ಸಿಗದೆ, ನೋಡುವ ಜನರನ್ನೇ ಹಣ ಕೇಳಿದರು. 27 ದಿನದಲ್ಲಿ ನೂರಕ್ಕೂ ಹೆಚ್ಚು ಜನ ಸೇರಿ 51 ಲಕ್ಷ ಕೊಟ್ಟರು. ರಣಧೀರ ಕಂಠೀರವದ ನಟರು ಊರೂರು ತಿರುಗಿ ಕೂಡಿಸಿದ್ದನ್ನು ಇವರು ಕಂಪ್ಯೂಟರಿನ ಮುಂದೆ ಕೂತು ಕೂಡಿಸಿದರು, ಅಷ್ಟೇ ವ್ಯತ್ಯಾಸ. ಇನ್ನೊಂದು, 'ತಿಥಿ'. ನಿರ್ದೇಶಕ ರಾಮ್ ರೆಡ್ಡಿ ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಓದಿ, ಪ್ರಾಗ್‌ನಲ್ಲಿ ಸಿನಿಮಾ ಕಲಿತವರು. ಬರೆದವರು ಈರೇಗೌಡ. ಇಬ್ಬರೂ ಸೇರಿ ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಊರಿನ ಜನರನ್ನೇ ಪಾತ್ರಧಾರಿಗಳನ್ನಾಗಿ ಮಾಡಿದರು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೋ ಚಿತ್ರೋತ್ಸವದಲ್ಲಿ ಆ ಚಿತ್ರಕ್ಕೆ ಎರಡು ಪ್ರಶಸ್ತಿ ಬಂತು.

ಇಷ್ಟೆಲ್ಲ ನೋಡಿದಮೇಲೆ ನನಗೆ ಕಂಡ ಲೆಕ್ಕ ಇದು. ಈ ಕಂಪನಿಗಳಲ್ಲಿ ಬಹಳಷ್ಟು ಒಂದೆರಡು ಚಿತ್ರಕ್ಕೇ ನಿಂತುಹೋದವು. ಬ್ಯಾಂಕಿನ ಕಣ್ಣಿನಲ್ಲಿ ನೋಡಿದರೆ ಇವು ಬೆಳೆಯದ ಖಾತೆಗಳು. ಆದರೆ ಬೆಳೆದದ್ದು ಬೇರೆಯೇ ಇದೆ. ಅಯ್ಯರ್ ಮದರಾಸಿನ ತಂಡದಿಂದ 'ವಂಶವೃಕ್ಷ'ಕ್ಕೆ ಬಂದರು. ಕಾರ್ನಾಡರು 'ಸಂಸ್ಕಾರ'ದಿಂದ ಬಂದು ಕಾರಂತರನ್ನು ಕೂಡಿಕೊಂಡರು. ಕಾರಂತರ ಕೈಕೆಳಗೆ ಕಾಸರವಳ್ಳಿ ತಯಾರಾದರು. ಕಾರ್ನಾಡರು ಶಂಕರ್ ನಾಗರನ್ನು ಕರೆತಂದರು. ರಾಮಚಂದ್ರರ ಕ್ಯಾಮೆರಾ ಚೋಮನ ಗುಡಿಸಲಿನಿಂದ ಮಾಲ್ಗುಡಿಯ ರೈಲು ನಿಲ್ದಾಣದ ತನಕ ಓಡಾಡಿತು. ಬ್ಯಾನರು ಬದಲಾಯಿತು, ಜನ ಅವರೇ. ಬ್ಯಾಲೆನ್ಸ್ ಶೀಟಿನಲ್ಲಿ ಮೇಜು, ಕುರ್ಚಿ, ಕ್ಯಾಮೆರಾಗಳಿಗೆಲ್ಲ ಒಂದೊಂದು ಸಾಲಿದೆ, ಸವಕಳಿಯೂ ಇದೆ. ಒಟ್ಟಿಗೆ ಕೆಲಸ ಮಾಡಿ ಪಳಗಿದ ಐದು ಜನಕ್ಕೆ ಅಲ್ಲಿ ಸಾಲಿಲ್ಲ. ಅವರು ಬರುವುದು ಸಂಬಳ ಅನ್ನುವ ಖರ್ಚಿನ ಬಾಬತ್ತಿನಲ್ಲಿ ಮಾತ್ರ. ಅದಕ್ಕೇ ಕಷ್ಟ ಬಂದಾಗ ಮೊದಲು ಕೈ ಹೋಗುವುದು ಅಲ್ಲಿಗೇ.

ಇನ್ನೊಂದು ಮಾತು. ಊರು ಬಿಟ್ಟವರೇ ಯಾಕೆ ಇಷ್ಟು ಜನ? ಊರಿನಲ್ಲೇ ಇದ್ದವರಿಗೆ ಪ್ರೀತಿ ಕಡಿಮೆ ಅಂತ ನಾನು ಹೇಳುವುದಿಲ್ಲ. ಎಂ.ವಿ. ವಾಸುದೇವ ರಾಯರಂಥವರು, ನೊದೆಕೊಪ್ಪಲಿನ ಗಡ್ಡಪ್ಪನಂಥವರು ಇಲ್ಲದಿದ್ದರೆ ಈ ಚಿತ್ರಗಳೇ ಇಲ್ಲ. ಆದರೆ ದೂರ ಇದ್ದವನಿಗೆ ಊರು ಇಡಿಯಾಗಿ ಕಾಣುತ್ತದೆ. ಮತ್ತೆ, ಪರನಾಡಿನಲ್ಲಿ ಸಂಜೆ ಹೊತ್ತು ಕನ್ನಡದವರು ಒಂದೆಡೆ ಸೇರಿದರೆ ನಾಟಕವೇ ಮೊದಲ ಕೆಲಸ. ಮುಂಬಯಿಯಲ್ಲೂ ಹಾಗೆ, ನಮ್ಮ ರಾಮಕೃಷ್ಣಪುರದ ದೆಹಲಿ ಕರ್ನಾಟಕ ಸಂಘದಲ್ಲೂ ಹಾಗೆ. ತಂಡ ಕಟ್ಟುವ ಅಭ್ಯಾಸ ಅಲ್ಲೇ ಆಗಿಬಿಡುತ್ತದೆ. ಸಂಬಳವಿಲ್ಲದೆ ರಾತ್ರಿ ಹತ್ತರ ತನಕ ರಿಹರ್ಸಲ್ಲಿಗೆ ಬರುವ ಜನ ಯಾರು, ಬಾರದವರು ಯಾರು ಅಂತ ಗೊತ್ತಾಗುತ್ತದೆ.

ಹಾಸನದ ಹುಡುಗನ ವಿಷಯ ಏನಾಯಿತು ಅಂತ ಕೇಳುತ್ತೀರಿ. ಕಥೆ ಹೇಳಿ ಕಳಿಸಿದರೆ ಹೊಟ್ಟೆ ತುಂಬುವುದಿಲ್ಲವಲ್ಲ, ಆದ್ದರಿಂದ ಲೆಕ್ಕವನ್ನೂ ಸರಿಮಾಡಿದೆವು. 2006ರ ಸಣ್ಣ ಉದ್ಯಮಗಳ ಕಾಯ್ದೆ ಅಂತ ಒಂದಿದೆ. ನೋಂದಣಿ ಮಾಡಿಸಿಕೊಂಡ ಸಣ್ಣ ಘಟಕಕ್ಕೆ, ಕೆಲಸ ಒಪ್ಪಿಸಿಕೊಂಡವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ಚಕ್ರಬಡ್ಡಿ, ಅದೂ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು. ವಿಡಿಯೋ ಮಾಡಿಕೊಡುವುದೂ ಸೇವೆಯೇ, ಅದಕ್ಕೂ ಇದು ಅನ್ವಯಿಸುತ್ತದೆ. ನೋಂದಣಿ ಮಾಡಿಸಿದೆವು. ಮುಂದಿನ ಕೆಲಸಗಳ ಬಿಲ್ಲಿನ ಮೇಲೆ ಆ ನಂಬರು ಅಚ್ಚಾಯಿತು, ಮೂರನೇ ಒಂದು ಭಾಗ ಮುಂಗಡ ಇಲ್ಲದೆ ಕ್ಯಾಮೆರಾ ಹೊರಗೆ ತೆಗೆಯಬಾರದು ಅಂತ ನಿಯಮ ಆಯಿತು. ಹಳೆಯ ಬಾಕಿ ಎರಡು ಕಂತಿನಲ್ಲಿ ಮುಕ್ಕಾಲು ಭಾಗ ಬಂತು, ಉಳಿದದ್ದು ಬರಲಿಲ್ಲ. ಐದು ಜನರಲ್ಲಿ ಸಂಕಲನಕಾರ ತಾನಾಗಿಯೇ ಒಂದು ಚಾನೆಲ್ಲಿಗೆ ಹೋದ. ಮನೆಯಲ್ಲಿ ತಂಗಿಯ ಮದುವೆ ಇತ್ತು, ಯಾರೂ ಬೇಡ ಅನ್ನಲಿಲ್ಲ. ಉಳಿದ ನಾಲ್ವರು ಜೊತೆಗಿದ್ದಾರೆ. ಕ್ಯಾಮೆರಾ ಇವತ್ತಿಗೂ ಬಾಡಿಗೆಯದೇ. ಮೇಜಿನ ಖಾನೆಯ ಸ್ಕ್ರಿಪ್ಟು ಕನ್ನಡದ್ದು, ಸಕಲೇಶಪುರದ ಕಡೆಯ ಕಥೆ. ಅದನ್ನು ಸಿನಿಮಾ ಮಾಡುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ.

ಈ ನಡುವೆ ನೋಯ್ಡಾದಲ್ಲಿ ಇನ್ನೊಂದು ಸುದ್ದಿ. ಯಮುನಾ ಎಕ್ಸ್‌ಪ್ರೆಸ್‌ವೇ ಪಕ್ಕದಲ್ಲಿ 1000 ಎಕರೆಯ ಹೊಸ ಫಿಲಂ ಸಿಟಿ ಕಟ್ಟುವುದಾಗಿ ಉತ್ತರ ಪ್ರದೇಶ ಸರ್ಕಾರ 2020ರಲ್ಲಿ ಹೇಳಿತು, 2024ರಲ್ಲಿ ಬೋನಿ ಕಪೂರ್ ಅವರ ಸಂಸ್ಥೆ ಮತ್ತು ಜೊತೆಗಾರರಿಗೆ ಗುತ್ತಿಗೆ ಆಯಿತು. ನೂರು ಎಕರೆಯಿಂದ ಸಾವಿರ ಎಕರೆ. ಆಗಲಿ, ಒಳ್ಳೆಯದೇ. ನೂರಾರು ಹುಡುಗರಿಗೆ ಕೆಲಸ ಸಿಗುತ್ತದೆ. ಆದರೆ ಜಾಗ ಕೊಟ್ಟರೆ ಫ್ಲೋರು ಕಟ್ಟಬಹುದು, ಅಲ್ಲಿ ಏನು ತೆಗೆಯಬೇಕು ಅನ್ನುವ ಹಟ ಇರುವ ನಾಲ್ಕೈದು ಜನರನ್ನು ಯಾವ ಪ್ರಾಧಿಕಾರವೂ ಹಂಚಿಕೆ ಮಾಡಲಾರದು. 'ಸಂಸ್ಕಾರ'ಕ್ಕೆ ಒಂದು ಎಕರೆ ಸ್ಟುಡಿಯೋ ಜಾಗವೂ ಬೇಕಾಗಿರಲಿಲ್ಲ.

ಊರಿನಲ್ಲಿರುವ ನಿಮ್ಮಲ್ಲಿ ನನ್ನದೊಂದು ಕೋರಿಕೆ ಇದೆ. ಇಂಥ ಸಣ್ಣ ಕಂಪನಿಯ ಕನ್ನಡ ಚಿತ್ರ ಯಾವಾಗಲಾದರೂ ನಿಮ್ಮೂರಿನ ಟಾಕೀಸಿಗೆ ಬಂದರೆ, ದಯವಿಟ್ಟು ಮೊದಲ ವಾರವೇ ಹೋಗಿ. ಟಿವಿಯಲ್ಲಿ ಬಂದಾಗ ನೋಡೋಣ ಅಂತ ಬಿಡಬೇಡಿ. ಮೊದಲ ವಾರ ಕುರ್ಚಿ ಖಾಲಿಯಿದ್ದರೆ ಎರಡನೇ ವಾರ ಆ ಚಿತ್ರ ಇರುವುದಿಲ್ಲ. ಎರಡನೇ ವಾರ ಇಲ್ಲದ ಚಿತ್ರದ ತಂಡ ಮೂರನೇ ತಿಂಗಳಿಗೆ ಬೇರೆ ಬೇರೆ ಊರಿನಲ್ಲಿ ಕೆಲಸ ಹುಡುಕುತ್ತಿರುತ್ತದೆ. ನಿಮ್ಮ ಟಿಕೆಟ್ಟಿನ ಕಾಸು ಸಣ್ಣದಿರಬಹುದು, ಆದರೆ ಅದು ಆ ನಾಲ್ಕು ಜನ ಒಟ್ಟಿಗೆ ಉಳಿಯುವುದಕ್ಕೆ ಸಿಗುವ ಸಾಲ, ಜಾಮೀನಿಲ್ಲದ ಸಾಲ.